ಕಾಮರೂಪಿಯ ಪಶ್ಚಾತ್ತಾಪ: ಚಿತ್ರಕಥೆಯ ಚೌಕಟ್ಟಿನಲ್ಲಿ ಮಾರೀಚ

ಬೇಕಾದಾಗ ಬೇಕಾದ ರೂಪವನ್ನು ತಾಳಬಲ್ಲ ದುಷ್ಟಪಾತ್ರ ನಮ್ಮ ಕಥನಪರಂಪರೆಗೆ ಹೊಸದಲ್ಲ. ಪ್ರಾಚೀನರು ಅಂಥವನನ್ನು 'ಕಾಮರೂಪಿ' ಎಂದು ಕರೆದರು. ಹಾಲೂಡಿಸಲು ಬಂದ ಪೂತನಿ, ಭಿಕ್ಷುವೇಷದ ರಾವಣ, ಯಕ್ಷಗಾನ ರಂಗದ ಮಾಯಾಶೂರ್ಪಣಖಿ, ಹೊನ್ನ ಜಿಂಕೆಯಾದ ಮಾರೀಚ ಇವರೆಲ್ಲ ಒಂದೇ ಬಳಗದವರು. ಇವರ ಕಥೆಯನ್ನು ಕೇಳುವವರ ಮನಸ್ಸನ್ನು ಮೊದಲು ಸೆರೆಹಿಡಿಯುವುದು ರೂಪಾಂತರದ ಬೆರಗು. ಆದರೆ ಬೆರಗು ಇಳಿದ ಮೇಲೆ ಉಳಿಯುವ ಪ್ರಶ್ನೆ ಬೇರೆ. ಸಾವಿರ ರೂಪಗಳನ್ನು ಬದಲಿಸಬಲ್ಲವನು ತನ್ನ ಸ್ವಭಾವವನ್ನು ಬದಲಿಸಬಲ್ಲನೇ? ಬದಲಿಸಲು ಹೊರಟರೆ ಲೋಕ ಅವನನ್ನು ನಂಬುವುದೇ? ಇಂದಿನ ಮಕ್ಕಳು ಈ ಪ್ರಶ್ನೆಯನ್ನು ಎದುರಿಸುವುದು ಕಾವ್ಯಗಳಲ್ಲಿ ಅಲ್ಲ, ಬಹುಮಟ್ಟಿಗೆ ಚಿತ್ರಕಥೆಗಳಲ್ಲಿ. ಆದುದರಿಂದ ಅಮರ ಚಿತ್ರಕಥೆಯಂಥ ಮಾಲೆಗೆ ನೆಲೆಯಾದ ಮುಂಬಯಿಯಲ್ಲಿ, ಅದರಲ್ಲೂ ತಾಳಮದ್ದಳೆಯ ಅರ್ಥಗಾರಿಕೆಯನ್ನು ಇಂದಿಗೂ ಉಳಿಸಿಕೊಂಡು ಬಂದಿರುವ ಇಲ್ಲಿಯ ಕನ್ನಡಿಗರ ನಡುವೆ, ಈ ವಿಷಯವನ್ನು ವಿವೇಚಿಸುವುದು ಉಚಿತವಾಗಿದೆ.

ಪಾಶ್ಚಾತ್ಯ ಚಿತ್ರಕಥೆ ಈ ಪಾತ್ರವನ್ನು ಬಹುಕಾಲದಿಂದ ಬಳಸುತ್ತ ಬಂದಿದೆ. ೧೯೬೩ರಲ್ಲಿ ಹೊರಬಂದ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಮಾಲೆಯ ಮೊದಲ ಸಂಚಿಕೆಯಲ್ಲೇ ಗೋಸುಂಬೆಯ ಹೆಸರನ್ನು ಹೊತ್ತ ವೇಷಧಾರಿ 'ಕಮೀಲಿಯನ್' ಕಾಣಿಸಿಕೊಳ್ಳುತ್ತಾನೆ. 'ಬ್ಯಾಟ್‌ಮನ್' ಕಥೆಗಳ 'ಕ್ಲೇಫೇಸ್' ಇನ್ನಷ್ಟು ಗಮನಾರ್ಹ. ೧೯೪೦ರಲ್ಲಿ ಮೊದಲು ಬಂದಾಗ ಅವನು ಮುಖವಾಡ ತೊಟ್ಟು ಕೊಲೆಗೈಯುವ ಒಬ್ಬ ಚಲನಚಿತ್ರ ನಟ ಮಾತ್ರ. ಮೈಯನ್ನೇ ಜೇಡಿಮಣ್ಣಿನಂತೆ ಮಿದಿದು ಬೇಕಾದ ಆಕಾರವನ್ನು ತಾಳುವ ಶಕ್ತಿ ಆ ಹೆಸರಿಗೆ ಸೇರಿಕೊಂಡದ್ದು ೧೯೬೧ರ ಅನಂತರ. ಮುಕ್ಕಾಲು ಶತಮಾನ ಖಳನಾಗಿಯೇ ನಡೆದ ಈ ಪಾತ್ರಕ್ಕೆ ೨೦೧೬ರಲ್ಲಿ ಆರಂಭವಾದ 'ಡಿಟೆಕ್ಟಿವ್ ಕಾಮಿಕ್ಸ್' ಕಥಾಸರಣಿಯಲ್ಲಿ ಹೊಸ ತಿರುವು ಬಂತು. ತಪ್ಪಿನ ದಾರಿಯನ್ನು ಬಿಟ್ಟು ಬಾಳಬೇಕೆಂಬ ಹಂಬಲದಿಂದ ಅವನು ನಾಯಕನ ತಂಡವನ್ನೇ ಸೇರುತ್ತಾನೆ. ಕೊನೆಗೆ ತನ್ನ ಮೈಮೇಲಿನ ಹತೋಟಿ ತಪ್ಪಿದ ಗಳಿಗೆಯಲ್ಲಿ ಆ ತಂಡದವರ ಅಸ್ತ್ರಕ್ಕೇ ಗುರಿಯಾಗುತ್ತಾನೆ. ದುಷ್ಟನೊಬ್ಬ ಒಳ್ಳೆಯವನಾದ ಎಂಬ ಸರಳ ಸಮಾಧಾನ ಇಲ್ಲಿಲ್ಲ. ಬಯಸಿದವನಿಗೆ ಒಂದಷ್ಟು ಕಾಲ ಎಡೆ ದೊರೆಯಿತು ಎಂಬುದಷ್ಟೇ ಅದರ ಸಾರ. ಆ 'ಎಡೆ' ಎಂಬ ಮಾತೇ ಈ ವಿವೇಚನೆಗೆ ಮುಖ್ಯವಾದುದು.

ಭಾರತದ ಮಕ್ಕಳಿಗೆ ಚಿತ್ರಕಥೆಯ ರುಚಿ ಹತ್ತಿಸಿದವರಲ್ಲಿ ಅಗ್ರಗಣ್ಯರಾದ ಅನಂತ ಪೈ ಅವರು ಕಾರ್ಕಳದಲ್ಲಿ ೧೯೨೯ರಲ್ಲಿ ಜನಿಸಿದವರು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಇಲ್ಲಿಯೇ ಓದಿ ಬೆಳೆದರು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ೧೯೬೪ರಲ್ಲಿ 'ಇಂದ್ರಜಾಲ್ ಕಾಮಿಕ್ಸ್' ಮಾಲೆಯನ್ನು ಆರಂಭಿಸಿದಾಗ ಅವರು ಅಲ್ಲಿದ್ದರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ದೆಹಲಿಯಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಕಂಡ ಸಂಗತಿಯನ್ನು ಅವರು ಹಲವು ಬಾರಿ ಹೇಳಿದ್ದರು. ೧೯೬೭ರಲ್ಲಿ ಮುಂಬಯಿಯ ಇಂಡಿಯಾ ಬುಕ್ ಹೌಸ್ ಪ್ರಕಾಶನದೊಡನೆ ಅವರು ಕೈಗೊಂಡ 'ಅಮರ ಚಿತ್ರಕಥೆ' ಆ ಕೊರತೆಯನ್ನು ತುಂಬಲು ಹೊರಟ ಪ್ರಯತ್ನ. ಕನ್ನಡಿಗರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಸಿಂಡರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು. ಅದೇ ಪ್ರಕಾಶನದ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಅವು ಹೊರಬಂದವು. ಆದುದರಿಂದಲೇ ರಾಮ್ ವಾಯೀರ್‌ಕರ್ ಅವರ ಚಿತ್ರಗಳಿದ್ದ 'ಕೃಷ್ಣ' ಹನ್ನೊಂದನೆಯ ಕ್ರಮಾಂಕವನ್ನು ಪಡೆಯಿತು. ಮುಂದೆ ಸಾವಿರಾರು ಮನೆಗಳನ್ನು ತಲುಪಿದ ಮಾಲೆಯೊಂದು ಕನ್ನಡದಲ್ಲಿ ಕಣ್ಣು ತೆರೆಯಿತೆಂಬುದು ಸಾಮಾನ್ಯ ವಿಷಯವಲ್ಲ.

೨೦೧೧ರಲ್ಲಿ ನಿಧನರಾದ ಪೈ ಅವರ ಸಾಧನೆಯನ್ನು ಕಡೆಗಣಿಸುವವರು ಯಾರೂ ಇಲ್ಲ. ತಾಯ್ನಾಡಿನಿಂದ ದೂರವಿದ್ದ ಕುಟುಂಬಗಳಲ್ಲಿ ಅಜ್ಜಿಯ ಸ್ಥಾನವನ್ನು ಈ ಪುಸ್ತಕಗಳು ತುಂಬಿದವು. ಮಾಟುಂಗ, ವಡಾಲ, ಘಾಟ್‌ಕೋಪರ್, ಡೊಂಬಿವಲಿಗಳ ಇಕ್ಕಟ್ಟಿನ ಕೋಣೆಗಳಲ್ಲಿ ಬೆಳೆದ ಮಕ್ಕಳು ರಾಮಾಯಣವನ್ನು ಮೊದಲು ಕಂಡದ್ದು ಈ ಪುಟಗಳಲ್ಲಿ. ಆದರೆ ಪ್ರತಿಯೊಂದು ಪ್ರಕಾರಕ್ಕೂ ಅದರದೇ ಆದ ಮಿತಿಯಿದೆ. ಒಂದು ಸಂಚಿಕೆಗೆ ರೂಢಿಯಲ್ಲಿದ್ದ ಪುಟಗಳು ಮೂವತ್ತೆರಡು. ಪ್ರತಿ ಚೌಕಟ್ಟಿನಲ್ಲೂ ಏನಾದರೊಂದು ನಡೆಯಬೇಕು. ರಾಕ್ಷಸ ಜಿಂಕೆಯಾಗುವುದನ್ನು ಚಿತ್ರ ಒಂದೇ ಕ್ಷಣದಲ್ಲಿ ತೋರಿಸಬಲ್ಲದು. ಕವಿಗೆ ಹತ್ತು ಪದ್ಯ ಬೇಕಾಗುವಲ್ಲಿ ಚಿತ್ರಕಾರನಿಗೆ ಒಂದು ಕುಂಚದ ಬೀಸು ಸಾಕು. ಆದರೆ ರಾಕ್ಷಸ 'ತಾನು ಹೀಗೆ ಬಾಳಬಾರದು' ಎಂದು ಯೋಚಿಸುತ್ತ ಸುಮ್ಮನೆ ಕುಳಿತುದನ್ನು ಎಷ್ಟು ಚೌಕಟ್ಟುಗಳಲ್ಲಿ ತೋರಿಸಬಹುದು? ರೂಪಾಂತರ ಚಿತ್ರಕ್ಕೆ ಒಲಿದಷ್ಟು ಮನಃಪರಿವರ್ತನೆ ಒಲಿಯುವುದಿಲ್ಲ.

ಈ ಮಾತಿಗೆ ಮಾರೀಚನೇ ತಕ್ಕ ನಿದರ್ಶನ. ಜನಮನದಲ್ಲಿ ಉಳಿದಿರುವುದು ಹೊನ್ನ ಜಿಂಕೆಯ ಮಾರೀಚ. ವಾಲ್ಮೀಕಿ ಕಂಡ ಮಾರೀಚನಿಗೆ ಅದಕ್ಕಿಂತ ದೀರ್ಘವಾದ ಚರಿತ್ರೆಯಿದೆ. ಅವನು ತಾಟಕಿಯ ಮಗ. ವಿಶ್ವಾಮಿತ್ರನ ಯಜ್ಞಕ್ಕೆ ಅಡ್ಡಿಪಡಿಸಲು ಬಂದಾಗ ರಾಮನ ಬಾಣದ ಹೊಡೆತಕ್ಕೆ ನೂರು ಯೋಜನ ದೂರದ ಕಡಲಿಗೆ ಎಸೆಯಲ್ಪಟ್ಟು ಬದುಕಿದವನು. ಆಗಲೂ ಬುದ್ಧಿ ಬರಲಿಲ್ಲ. ದಂಡಕಾರಣ್ಯದಲ್ಲಿ ಇಬ್ಬರು ಜೊತೆಗಾರರೊಂದಿಗೆ ಕ್ರೂರಮೃಗದ ರೂಪವನ್ನು ತಾಳಿ, ತಪಸ್ವಿಗಳನ್ನು ಕೊಂದು ತಿನ್ನುತ್ತ ತಿರುಗಿ, ಮತ್ತೊಮ್ಮೆ ರಾಮನ ಮೇಲೆರಗಿದ. ಬಿಟ್ಟ ಮೂರು ಬಾಣಗಳಿಗೆ ಜೊತೆಗಾರರಿಬ್ಬರು ಸತ್ತರು, ಇವನೊಬ್ಬ ಉಳಿದ. ಅಲ್ಲಿಂದಾಚೆಗೆ ಮಾರೀಚ ಮೃಗಚರ್ಮವನ್ನುಟ್ಟು, ಜಡೆ ಬಿಟ್ಟು, ಮಿತಾಹಾರಿಯಾಗಿ ಆಶ್ರಮದಲ್ಲಿ ನೆಲೆಸಿದ. ಮರಮರದಲ್ಲೂ ಅವನಿಗೆ ಬಿಲ್ಲು ಹಿಡಿದ ರಾಮನೇ ಕಾಣಿಸುತ್ತಿದ್ದ. ರಥ, ರತ್ನ ಎಂಬಂಥ ರಕಾರದಿಂದ ಮೊದಲಾಗುವ ಮಾತುಗಳು ಕೂಡ ನಡುಕ ಹುಟ್ಟಿಸುತ್ತಿದ್ದವು. ರಾವಣ ಅವನನ್ನು ಹುಡುಕಿಕೊಂಡು ಬಂದದ್ದು ಈ ಆಶ್ರಮಕ್ಕೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾರೀಚ ತಾಳಿದ ರೂಪಗಳು ಹಲವು. ಆದರೆ ಅವುಗಳಲ್ಲಿ ಪರರ ಕೇಡಿಗಾಗಿಯಲ್ಲದೆ, ಪರರ ಅಪ್ಪಣೆಯಿಂದಲ್ಲದೆ, ತನ್ನ ಬಾಳಿಗಾಗಿ ತಾಳಿದ ರೂಪ ಒಂದೇ. ಅದು ತಪಸ್ವಿಯ ರೂಪ. ಅದಕ್ಕೆ ಮಾಯಾವಿದ್ಯೆಯ ಅಗತ್ಯವಿರಲಿಲ್ಲ. ದಿನದಿನವೂ ಪಾಲಿಸಬೇಕಾದ ನಿಯಮದ ಅಗತ್ಯವಿತ್ತು. ಜಿಂಕೆಯಾಗಲು ಕ್ಷಣ ಸಾಕು, ತಪಸ್ವಿಯಾಗಲು ವರ್ಷಗಳು ಬೇಕು. ಸತ್ತಾಗ ಜಿಂಕೆಯ ದೇಹ ಕಳಚಿ ರಾಕ್ಷಸದೇಹ ಕಾಣಿಸಿಕೊಂಡಿತೆಂದು ಕಾವ್ಯ ಹೇಳುತ್ತದೆ. ಚಿತ್ರವೂ ಅದನ್ನೇ ತೋರಿಸುತ್ತದೆ. ಓದುವ ಮಗು ಅದನ್ನೇ ಅವನ 'ನಿಜರೂಪ'ವೆಂದು ತಿಳಿಯುತ್ತದೆ. ಆದರೆ ಹುಟ್ಟಿನಿಂದ ಬಂದ ದೇಹ ನಿಜರೂಪವೋ, ಅರಿತು ಆಯ್ದುಕೊಂಡ ಬಾಳು ನಿಜರೂಪವೋ ಎಂಬ ಪ್ರಶ್ನೆಯನ್ನು ಆಶ್ರಮದ ಮಾರೀಚ ಎತ್ತಿಟ್ಟು ಹೋಗಿದ್ದಾನೆ. ಆಶ್ರಮವನ್ನು ಬಿಟ್ಟು ಜಿಂಕೆಯನ್ನಷ್ಟೇ ಚಿತ್ರಿಸಿದರೆ ಆ ಪ್ರಶ್ನೆಯೂ ಮಗುವಿನ ಕೈತಪ್ಪುತ್ತದೆ.

ಮಾರೀಚನ ಪಶ್ಚಾತ್ತಾಪ ಭಯದಿಂದ ಹುಟ್ಟಿದ್ದು, ಅದಕ್ಕೆ ನೈತಿಕ ಬೆಲೆಯಿಲ್ಲ ಎಂಬ ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಸಾಯುವಾಗ ಕೂಡ ಅವನು ರಾಮನ ದನಿಯಲ್ಲಿ ಸೀತೆಯನ್ನೂ ಲಕ್ಷ್ಮಣನನ್ನೂ ಕೂಗಿ ರಾವಣನ ಕೆಲಸವನ್ನು ಪೂರೈಸಿಯೇ ಹೋದನಲ್ಲವೇ ಎಂದೂ ಕೇಳಬಹುದು. ಆಕ್ಷೇಪ ಸುಳ್ಳಲ್ಲ. ವಾಲ್ಮೀಕಿ ಅವನನ್ನು ಸಂತನಾಗಿ ಮಾಡಲಿಲ್ಲ. ಅಧ್ಯಾತ್ಮ ರಾಮಾಯಣದ ಹಾದಿಯ ಭಕ್ತಿಕಾವ್ಯಗಳು ಅವನ ದೇಹದಿಂದ ಹೊರಟ ತೇಜಸ್ಸು ರಾಮನಲ್ಲಿ ಲೀನವಾಯಿತೆಂದು ಹೇಳಿ ಈ ತೊಡಕನ್ನು ಬಿಡಿಸಿದವು, ಆದಿಕವಿ ಬಿಡಿಸಲಿಲ್ಲ. ಆದರೂ ಭಯದಿಂದ ತೊಡಗಿದ ನಡತೆ ಭಯದಲ್ಲಿಯೇ ಮುಗಿಯಬೇಕೆಂಬ ನಿಯಮವೇನೂ ಇಲ್ಲ. ರಾವಣನಿಗೆ ಬುದ್ಧಿ ಹೇಳುವ ಮಾರೀಚ ತನ್ನ ಜೀವದ ಮಾತನ್ನಷ್ಟೇ ಆಡುವುದಿಲ್ಲ. ಲಂಕೆಯ ಮಾತನ್ನೂ, ಪರಸ್ತ್ರೀಯ ಮಾತನ್ನೂ, ಒಡೆಯನಿಗೆ ಹಿತವಾದದ್ದನ್ನಷ್ಟೇ ಹೇಳುವ ಮಂತ್ರಿಗಳ ಮಾತನ್ನೂ ಆಡುತ್ತಾನೆ. ಭಯಪಟ್ಟವನು ಇಷ್ಟು ಆಡಬೇಕಾಗಿರಲಿಲ್ಲ. ಎದುರಾಡಿದರೆ ಸಾವು ಖಚಿತವೆಂದು ಅವನಿಗೆ ಗೊತ್ತಿತ್ತು.

ರಾವಣನ ಉತ್ತರ ನಮಗೆ ತಿಳಿದದ್ದೇ. ಒಪ್ಪಿದರೆ ಅರ್ಧರಾಜ್ಯ, ಒಪ್ಪದಿದ್ದರೆ ಮರಣ. ಎರಡು ಸಾವುಗಳ ನಡುವೆ ರಾಮನ ಕೈಯ ಸಾವನ್ನು ಮಾರೀಚ ಆರಿಸಿಕೊಂಡ. ಇಲ್ಲಿ ಸೋತದ್ದು ಯಾವುದು? ಅವನ ಮನಸ್ಸು ಮಾತ್ರವಲ್ಲ, ಅವನಿಗೆ ದೊರೆತಿದ್ದ ಎಡೆಯೂ ಸೋತಿತು. ಬದಲಾದವನನ್ನು ಬದಲಾದಂತೆಯೇ ಇರಗೊಡದ ಒಡೆಯನಿಗೆ ಬೇಕಾಗಿದ್ದುದು ಮಾರೀಚನ ಹಳೆಯ ಕೌಶಲ. ಅವನ ಹೊಸ ಬಾಳಲ್ಲ. ಪಶ್ಚಾತ್ತಾಪ ಪಟ್ಟವನ ಒಳಗಿನ ಹೋರಾಟದಷ್ಟೇ ಅವನ ಸುತ್ತಲಿನವರ ನಡತೆಯೂ ಮುಖ್ಯವೆಂಬುದಕ್ಕೆ ಇದಕ್ಕಿಂತ ಕಟುವಾದ ದೃಷ್ಟಾಂತ ಬೇಕಿಲ್ಲ.

ಅಮರ ಚಿತ್ರಕಥೆಯಲ್ಲಿ ಪರಿವರ್ತನೆಯ ಕಥೆಗಳೇ ಇಲ್ಲವೆಂದರೆ ಅದು ಅನ್ಯಾಯದ ಮಾತಾದೀತು. 'ವಾಲ್ಮೀಕಿ', 'ಅಂಗುಲಿಮಾಲ' ಎಂಬ ಸಂಚಿಕೆಗಳು ಆ ಮಾಲೆಯಲ್ಲಿವೆ. ಆದರೆ ಇವರಿಬ್ಬರೂ ಪರಿವರ್ತನೆಯನ್ನು ಸಾಧಿಸಿ ಪೂಜ್ಯರಾದವರು; ಅವರ ಹೆಸರೇ ಶೀರ್ಷಿಕೆಯಾಗುವ ಯೋಗ್ಯತೆಯನ್ನು ಪಡೆದವರು. ಬಯಸಿಯೂ ಮುಟ್ಟಲಾರದೆ ಹೋದವರಿಗೆ ಶೀರ್ಷಿಕೆ ಸಿಗುವುದಿಲ್ಲ. ಅಂಗುಲಿಮಾಲನ ಕಥೆಯಲ್ಲಿ ಕೂಡ ಮರೆಯಬಾರದ ಉತ್ತರಭಾಗವೊಂದಿದೆ. ಪಾಲಿ ಮಜ್ಝಿಮನಿಕಾಯದ ಪ್ರಕಾರ, ಅವನನ್ನು ಹಿಡಿಯಲು ಕುದುರೆ ಸವಾರರೊಂದಿಗೆ ಹೊರಟ ಪ್ರಸೇನಜಿತ ರಾಜ ಬುದ್ಧನ ಬಳಿ ಭಿಕ್ಷುವಾಗಿ ಕುಳಿತಿದ್ದ ಅವನನ್ನು ಕಂಡು ಮೊದಲು ಬೆದರಿ, ಆಮೇಲೆ ವಂದಿಸಿದ. ಆದರೆ ಭಿಕ್ಷೆಗೆ ಹೋದ ಊರಿನಲ್ಲಿ ಜನ ಅವನ ಮೇಲೆ ಕಲ್ಲು ಬೀರಿದರು. ತಲೆಯೊಡೆದು, ಪಾತ್ರೆ ಮುರಿದು ಬಂದವನಿಗೆ ಬುದ್ಧ ಸಹನೆಯನ್ನು ಬೋಧಿಸಬೇಕಾಯಿತು. ಇಲ್ಲಿ ಅರಸ ಎಡೆ ಕೊಟ್ಟ, ಬೀದಿ ಕೊಡಲಿಲ್ಲ. ಮಾರೀಚನಿಗೆ ಅರಸನೇ ಎಡೆ ಕೊಡಲಿಲ್ಲ.

ಚಿತ್ರಕಥೆಯ ಮೇಲೆ ವಿದ್ವಾಂಸರು ಹೊರಿಸಿರುವ ಇನ್ನೊಂದು ಆರೋಪವನ್ನೂ ಇಲ್ಲಿ ಪರಿಶೀಲಿಸಬೇಕು. ದೇವತೆಗಳಿಗೂ ನಾಯಕರಿಗೂ ಹೊಳೆಯುವ ಮೈಬಣ್ಣ, ರಾಕ್ಷಸರಿಗೆ ಕಪ್ಪು ಮೈ, ಕೋರೆಹಲ್ಲು, ದಪ್ಪ ಮೂಗು ಎಂಬ ಕಟ್ಟುಪಾಡು ಮಕ್ಕಳ ಮನಸ್ಸಿನಲ್ಲಿ ಕೇಡಿಗೊಂದು ಮೈಯನ್ನು ಅಂಟಿಸುತ್ತದೆ ಎಂಬುದು ಆ ಆರೋಪ. ಅದು ಒಪ್ಪತಕ್ಕ ಮಾತು. ಕಾಮರೂಪಿಯ ಕಥೆ ಈ ಕಟ್ಟುಪಾಡನ್ನು ಒಳಗಿನಿಂದಲೇ ಒಡೆಯುತ್ತದೆ ಎಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಕೇಡಿಗೆ ಹೊನ್ನಿನ ಮೈಯೂ ಇರಬಹುದು, ಕಾವಿಯ ಮೈಯೂ ಇರಬಹುದು. ಹಾಗೆಯೇ ಕೋರೆಹಲ್ಲಿನ ಮೈಯೊಳಗೆ ಒಳಿತಿನ ಹಂಬಲವೂ ಇರಬಹುದು. ಇದನ್ನು ತಿಳಿಸಲು ಮಾರೀಚನಷ್ಟು ಅನುಕೂಲವಾದ ಪಾತ್ರ ಮತ್ತೊಂದಿಲ್ಲ.

ಈ ತಿಳಿವಳಿಕೆಗೆ ಕನ್ನಡ ಕಾವ್ಯ ಬಹು ಹಿಂದೆಯೇ ನೆಲೆ ಒದಗಿಸಿತ್ತು. ಹನ್ನೆರಡನೆಯ ಶತಮಾನದ ಸುಮಾರಿನ ನಾಗಚಂದ್ರನ 'ರಾಮಚಂದ್ರಚರಿತಪುರಾಣ' ಜೈನ ರಾಮಾಯಣದ ಹಾದಿಯಲ್ಲಿ ಸಾಗುವ ಚಂಪೂಕಾವ್ಯ. ಅದರಲ್ಲಿ ಹೊನ್ನ ಜಿಂಕೆಯಿಲ್ಲ, ಬಹುರೂಪಿಯಾಗುವವನು ರಾವಣನೇ. ಯುದ್ಧದ ಕೊನೆಯ ಘಟ್ಟದಲ್ಲಿ ಅವನು ಶಾಂತಿನಾಥನ ಬಸದಿಯಲ್ಲಿ ಕುಳಿತು ಬಹುರೂಪಿಣೀ ವಿದ್ಯೆಯನ್ನು ಸಾಧಿಸುತ್ತಾನೆ. ಆ ಗೆಲವಿನಲ್ಲಿ ಸೀತೆಯ ಬಳಿಗೆ ಬಂದು ಬೆದರಿಸಿದಾಗ ಅವಳು ರಾಮನಿಗಾಗಿ ಹಂಬಲಿಸುತ್ತ ಮೂರ್ಛೆಹೋಗುತ್ತಾಳೆ. ಆ ನೋಟದಿಂದ ರಾವಣನ ಒಳಗು ಕದಡುತ್ತದೆ. ಇಂಥವರನ್ನು ಅಗಲಿಸಿದೆನಲ್ಲ, ವಿಭೀಷಣನ ಮಾತನ್ನು ಮೀರಿದೆನಲ್ಲ ಎಂದು ಅವನು ಕೊರಗುತ್ತಾನೆ. ಎಷ್ಟು ರೂಪಗಳನ್ನಾದರೂ ತಾಳಬಲ್ಲ ಶಕ್ತಿ ಕೈಸೇರಿದ ಗಳಿಗೆಯಲ್ಲೇ, ಒಂದೇ ರೂಪದಲ್ಲಿ ನಿಂತ ಹೆಣ್ಣಿನ ಎದುರು ಆ ಶಕ್ತಿ ಬರಿದಾಗುತ್ತದೆ. ಆದರೆ ಒಡನೆಯೇ ಸೀತೆಯನ್ನು ಒಪ್ಪಿಸಿದರೆ ಅಂಜಿದನೆಂಬ ಅಪಕೀರ್ತಿ ಬಂದೀತು. ಗೆದ್ದು ಒಪ್ಪಿಸುವೆ ಎಂದು ಅವನು ಯುದ್ಧಕ್ಕೆ ಹೊರಡುತ್ತಾನೆ, ಮಡಿಯುತ್ತಾನೆ. ಈ ರಾವಣನಲ್ಲಿ ದುರಂತನಾಯಕನನ್ನು ಗುರುತಿಸಿದ ತೀ.ನಂ. ಶ್ರೀಕಂಠಯ್ಯನವರ ವಿವೇಚನೆ ಕನ್ನಡ ವಿಮರ್ಶೆಯಲ್ಲಿ ಪ್ರಸಿದ್ಧವಾದುದು. ಮಾರೀಚನಿಗೆ ಎಡೆಗೊಡದವನು ಬೇರೊಬ್ಬ ಒಡೆಯ. ನಾಗಚಂದ್ರನ ರಾವಣನಿಗೆ ಎಡೆಗೊಡದವನು ಅವನೊಳಗಿನ ಅಭಿಮಾನಿ. ಇನ್ನು ೧೯೬೭ರ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ರಾವಣನನ್ನು ಕನಸಿನಲ್ಲಿ ಸೀತೆಯ ಶಿಶುವಾಗಿಸುವವರೆಗೆ ಈ ಹಾದಿಯಲ್ಲಿ ಮುಂದೆ ಸಾಗಿತು. ಅಮರ ಚಿತ್ರಕಥೆ ಆರಂಭವಾದ ವರ್ಷದ್ದೇ ಆ ಪ್ರಶಸ್ತಿ ಎಂಬುದು ಆಕಸ್ಮಿಕವಾದರೂ ನೆನೆಯತಕ್ಕದ್ದು.

ಗ್ರಂಥಸ್ಥವಾದ ಈ ಸಂಪತ್ತು ಜನರ ಬಾಯಿಗೆ ಬಂದದ್ದು ಯಕ್ಷಗಾನದ ಮೂಲಕ. ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ 'ಪಂಚವಟಿ' ಪ್ರಸಂಗವನ್ನು ಬಲ್ಲವರಿಗೆ ಮಾರೀಚ ಅಪರಿಚಿತನಲ್ಲ. ಊರಿನಲ್ಲಿ ಮೇಳಗಳ ತಿರುಗಾಟ ನಿಲ್ಲುವ ಮಳೆಗಾಲದಲ್ಲಿ ಕರಾವಳಿಯ ಅರ್ಥಧಾರಿಗಳು ಮುಂಬಯಿಗೆ ಬಂದು, ಇಲ್ಲಿಯ ಸಂಘಸಂಸ್ಥೆಗಳ ಸಭಾಗೃಹಗಳಲ್ಲಿ ತಾಳಮದ್ದಳೆ ನಡೆಸುವ ವಾಡಿಕೆ ಹಳೆಯದು. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕೋರೆಹಲ್ಲಿಲ್ಲ. ಪಂಚೆ ಶಾಲುಗಳಲ್ಲಿ ಕುಳಿತ ಇಬ್ಬರು ಮನುಷ್ಯರಲ್ಲಿ ಒಬ್ಬ ರಾವಣ, ಒಬ್ಬ ಮಾರೀಚ. ಭಾಗವತರು ಪದ ನಿಲ್ಲಿಸಿದ ಮೇಲೆ ಮಾರೀಚನಿಗೆ ತನ್ನ ಪಕ್ಷವನ್ನು ಮಂಡಿಸಲು ಬೇಕಾದಷ್ಟು ಹೊತ್ತು ದೊರೆಯುತ್ತದೆ. ಚಿತ್ರಕಥೆಯಲ್ಲಿ ರೂಪವಿದೆ, ಹೊತ್ತಿಲ್ಲ. ತಾಳಮದ್ದಳೆಯಲ್ಲಿ ರೂಪವಿಲ್ಲ, ಹೊತ್ತಿದೆ. ಒಂದೇ ನಗರದಲ್ಲಿ, ಒಂದೇ ಮನೆಯಲ್ಲಿ ಕೂಡ, ತಂದೆ ಎರಡನೆಯದನ್ನು ಕೇಳಿ ಬರುತ್ತಾನೆ; ಮಗ ಮೊದಲನೆಯದನ್ನು ಇಂಗ್ಲಿಷಿನಲ್ಲಿ ಓದಿ ಮಲಗುತ್ತಾನೆ. ಇಬ್ಬರ ಮಾರೀಚರೂ ಪರಸ್ಪರ ಭೇಟಿಯಾಗುವುದೇ ಇಲ್ಲ.

ಇದು ಕೇವಲ ಸಾಹಿತ್ಯಾಭಿರುಚಿಯ ಪ್ರಶ್ನೆಯಲ್ಲ. ಮುಂಬಯಿಯ ಕನ್ನಡ ಸಮಾಜ ಬೆಳೆದದ್ದೇ ಮನುಷ್ಯ ತನಗೆ ಬೇಕಾದ ಬಾಳನ್ನು ತಾನೇ ಆಯ್ದುಕೊಳ್ಳಬಹುದೆಂಬ ನಂಬಿಕೆಯ ಮೇಲೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗ, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ ಕಲಿತು ಗುಮಾಸ್ತನೋ ವಕೀಲನೋ ಆದುದು ಈ ನಗರದ ದೊಡ್ಡ ಕಥೆ. ಆ ಹುಡುಗ ಯಾವ ತಪ್ಪನ್ನೂ ಮಾಡಿದವನಲ್ಲ. ಮಾರೀಚನೊಡನೆ ಅವನ ಹೋಲಿಕೆ ಇಷ್ಟಕ್ಕೇ ಮುಗಿಯುತ್ತದೆ: ಅವನ ಛಲದಷ್ಟೇ, ಸಂಜೆಯಾದೊಡನೆ ಶಾಲೆಗೆ ಹೋಗಗೊಟ್ಟ ಮಾಲೀಕನ ಔದಾರ್ಯವೂ ಅವನ ಹೊಸ ರೂಪಕ್ಕೆ ಕಾರಣವಾಯಿತು. ಹಾಗೆ ಎಡೆ ಪಡೆದು ಬೆಳೆದ ಸಮಾಜ ಇಂದು ತಪ್ಪು ಮಾಡಿ ತಿದ್ದಿಕೊಳ್ಳಲು ಹೊರಟವನಿಗೆ ಎಡೆಗೊಡುತ್ತಿದೆಯೇ ಎಂಬುದು ಕೇಳಲೇಬೇಕಾದ ಮಾತು. ಅಪರಾಧದ ದಾರಿ ತುಳಿದ ಬಾಲಕರನ್ನು ಇರಿಸುವ ವೀಕ್ಷಣಾಲಯ ಇದೇ ನಗರದ ಡೋಂಗ್ರಿಯಲ್ಲಿದೆ. ೨೦೧೫ರ ಬಾಲನ್ಯಾಯ ಕಾಯಿದೆ 'ಹೊಸ ಆರಂಭ'ವೆಂಬ ತತ್ತ್ವವನ್ನು ತನ್ನ ಮೂಲತತ್ತ್ವಗಳಲ್ಲಿ ಒಂದಾಗಿ ಸೇರಿಸಿದೆ; ವಿಶೇಷ ಸಂದರ್ಭಗಳನ್ನು ಬಿಟ್ಟು ಮಗುವಿನ ಹಿಂದಿನ ದಾಖಲೆಗಳನ್ನು ಅಳಿಸಿಹಾಕಬೇಕೆಂದು ಅದು ಹೇಳುತ್ತದೆ. ಕಾಗದದ ಮೇಲಿನ ದಾಖಲೆಯನ್ನು ಕಾನೂನು ಅಳಿಸಬಹುದು. ನೆರೆಯವರ ಮನಸ್ಸಿನ ದಾಖಲೆಯನ್ನು ಅಳಿಸುವುದು ಕಥೆಗಳ ಕೆಲಸ. ಹೊರಬಂದ ಹುಡುಗ ಕೆಲಸ ಕೇಳಿದಾಗ ಅವನ ಹಳೆಯ ರೂಪವನ್ನೇ ಹುಡುಕುವವರು, ಎಳವೆಯಲ್ಲಿ ಜಿಂಕೆಯ ಹಿಂದೆ ಕೋರೆಹಲ್ಲನ್ನಷ್ಟೇ ಕಂಡು ಬೆಳೆದವರಾಗಿರಬಹುದು.

ಆದುದರಿಂದ ಚಿತ್ರಕಥೆಯನ್ನು ದೂರಿ ಕೈಚೆಲ್ಲುವುದಕ್ಕಿಂತ ಅದನ್ನು ಬಳಸಿಕೊಳ್ಳುವುದು ವಿವೇಕದ ಹಾದಿ. ಕನ್ನಡದಲ್ಲಿ ಮೊದಲು ಮೂಡಿದ ಮಾಲೆಗೆ ಕನ್ನಡ ಮರಳಿ ಕೊಡಬೇಕಾದದ್ದು ಬಹಳವಿದೆ. ಮುಂಬಯಿಯ ಕನ್ನಡ ಸಂಘಗಳು ಚಿತ್ರಕಾರರನ್ನೂ ಅರ್ಥಧಾರಿಗಳನ್ನೂ ಒಂದೆಡೆ ಕೂಡಿಸಿ 'ಆಶ್ರಮದ ಮಾರೀಚ', 'ಬಹುರೂಪಿ ರಾವಣ' ಎಂಬಂಥ ಸಣ್ಣ ಪುಸ್ತಕಗಳನ್ನು ಕನ್ನಡದಲ್ಲಿ ಹೊರತರುವುದು ಅಸಾಧ್ಯವೇನಲ್ಲ. ಅದಕ್ಕೆ ಬೇಕಾದ ಕಥೆ ನಮ್ಮ ಕಾವ್ಯಗಳಲ್ಲಿದೆ, ಮಾತು ತಾಳಮದ್ದಳೆಯಲ್ಲಿದೆ, ಕುಂಚ ಈ ನಗರದಲ್ಲಿದೆ. ಮೂವತ್ತೆರಡು ಪುಟಗಳಲ್ಲಿ ನಾಲ್ಕನ್ನಾದರೂ ಏನೂ ನಡೆಯದ ಆಶ್ರಮಕ್ಕೆ ಮೀಸಲಿಡುವ ಧೈರ್ಯವನ್ನು ಚಿತ್ರಕಾರ ತೋರಬೇಕು. ಮಿಂಚಿ ಮಾಯವಾಗುವ ಜಿಂಕೆಯನ್ನು ಮಗು ಹೇಗಿದ್ದರೂ ಮೆಚ್ಚುತ್ತದೆ. ಆ ಜಿಂಕೆಯಾಗಲು ಮನಸ್ಸಿಲ್ಲದೆ ಮರದಡಿ ಕುಳಿತಿದ್ದವನನ್ನೂ ಅದು ಒಮ್ಮೆ ಕಾಣಲಿ.